ಚಳಿಗಾಲದಲ್ಲಿ ಮನೆ ಸಮೇತ ಗೋವಾಕ್ಕೆ

ದೀಪಾವಳಿಗೆ ಪುಣೆಗೆ ಬಂದ ಅತ್ತೆ ಸಂಕ್ರಾಂತಿ ಮುಗಿಸಿಕೊಂಡು ಧಾರವಾಡಕ್ಕೆ ವಾಪಸ್ ಹೋಗೋದು ನಮ್ಮ ಮನೆಯ ವಾಡಿಕೆ. ಈ ಸಲ ಅವರಿಗೆ ಮೊಣಕಾಲು ನೋವು ಜಾಸ್ತಿ. ಸ್ಲೀಪರ್ ಬಸ್ಸಿನ ಏಣಿ ಹತ್ತೋದು ಆಗದ ಮಾತು. ರೈಲಿಗೆ ಟಿಕೆಟ್ ಇಲ್ಲ. ಹೀಗೆ ಮಾತಾಡುತ್ತಿರುವಾಗ ನಮ್ಮ ಯಜಮಾನರು "ಮೋಟಾರ್‌ಹೋಮ್ ತಗೊಂಡು ಹೋಗೋಣ, ಗೋವಾ ಸುತ್ತಿಕೊಂಡು" ಅಂದರು. ತಮಾಷೆ ಅಂದುಕೊಂಡೆ. ಮರುದಿನ ಅಡ್ವಾನ್ಸ್ ಕಟ್ಟಿ ಬಂದಿದ್ದರು.

ಗಾಡಿ ಅಂದರೆ ಬೇರೇನಲ್ಲ, ನಮ್ಮ ಆಕುರ್ಡಿ ಕಂಪನಿಯ ಫೋರ್ಸ್ ಟ್ರಾವೆಲರ್. ಸೀಟೆಲ್ಲ ಕಿತ್ತು ನಾಲ್ಕು ಜನ ಮಲಗುವ ಹಾಸಿಗೆ, ಫ್ರಿಜ್, ಸಿಂಕ್, ಇಂಡಕ್ಷನ್ ಒಲೆ, ಪುಟ್ಟ ಗೀಸರ್, ಮೂಲೆಯಲ್ಲಿ ಒಬ್ಬರು ನಿಂತರೆ ತುಂಬಿಹೋಗುವ ಬಚ್ಚಲು ಇಟ್ಟಿದ್ದಾರೆ. ಮೇಲೆ ಸೋಲಾರ್ ಪ್ಯಾನೆಲ್, ಅದರ ಪಕ್ಕ ಎತ್ತಿ ತೆರೆಯುವ ಒಂದು ಕಿಂಡಿ, ಅದಕ್ಕೆ ಸೊಳ್ಳೆ ಜಾಳಿಗೆ. ಈ ಕಿಂಡಿ ನೆನಪಿಟ್ಟುಕೊಳ್ಳಿ. ಡಿಸೆಂಬರ್ 31ರ ಜಾತ್ರೆ ಕರಗಿ, ಬಾಡಿಗೆಯೂ ಇಳಿದಿರುತ್ತದೆ ಅಂತ ಸಂಕ್ರಾಂತಿ ಮರುವಾರ ಹೊರಟೆವು. ಮಗಳಿಗೆ ಶಾಲೆ ತಪ್ಪಿಸಿದ್ದಕ್ಕೆ ಅವಳ ಕಡೆಯಿಂದ ಏನೂ ತಕರಾರು ಬರಲಿಲ್ಲ.

ಸೋಮವಾರ: ವಾಯಿ, ಭಿಲಾರ್

ಕಾತ್ರಜ್ ಸುರಂಗ, ಟೋಲ್, ಖಂಬಾಟಕಿ ಘಾಟ್ ಎಲ್ಲ ನಮ್ಮ ಹಳೇ ದಾರಿಯೇ. ಬೇರೆ ಏನೆಂದರೆ ವೇಗ. ಕಾರಿನಲ್ಲಿ ಹಿಂದೆ ಹಾಕುತ್ತಿದ್ದ ಲಾರಿಗಳೆಲ್ಲ ಈಗ ನಮ್ಮನ್ನೇ ಹಿಂದೆ ಹಾಕುತ್ತಿದ್ದವು. ಪ್ರತಿ ತಿರುವಿಗೆ ಒಂದು ಕಡೆ ಸ್ಟೀಲ್ ಡಬ್ಬಿಗಳು ಕುಣಿಯುತ್ತವೆ, ಇನ್ನೊಂದು ಕಡೆ ಅತ್ತೆ "ಸಾವಕಾಶ ಹೊಡಿಯೋ ಮಾರಾಯಾ" ಅನ್ನುತ್ತಾರೆ. ಪಾತ್ರೆಗಳ ನಡುವೆ ಟವೆಲ್ ತುರುಕಿದ ಮೇಲೆ ಅರ್ಧ ಗದ್ದಲ ನಿಂತಿತು. ಉಳಿದ ಅರ್ಧ ಧಾರವಾಡದ ತನಕ ಇತ್ತು.

ವಾಯಿಯಲ್ಲಿ ಢೋಲ್ಯಾ ಗಣಪತಿ ಗುಡಿಯ ಮುಂದೆ ಕೃಷ್ಣಾ ನದಿಯ ಘಟ್ಟಗಳಿವೆ. ಚಳಿಗಾಲದಲ್ಲಿ ನೀರು ಕಮ್ಮಿ, ದಾಟಿ ಹೋಗಬಹುದು ಅನ್ನುವಷ್ಟು. ಅತ್ತೆಯ ತವರೂರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ. ಅವರು ಮೆಟ್ಟಿಲ ಮೇಲೆ ಕೂತು ತುಂಬಾ ಹೊತ್ತು ನೋಡಿ, "ಇಷ್ಟಽ ಇದ್ದಾಳ ಇಲ್ಲಿ?" ಅಂದರು. ಆಮೇಲೆ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಎದ್ದರು. ನಾವು ಯಾರೂ ಏನೂ ಮಾತಾಡಲಿಲ್ಲ.

ಪಸರಣಿ ಘಾಟ್ ಹತ್ತಿ ಪಂಚಗಣಿ ದಾಟಿ ಭಿಲಾರ್‌ಗೆ ಬಂದಾಗ ಸಂಜೆ. ಇದು ಪುಸ್ತಕಗಳ ಊರು ಅಂತ ಹೆಸರಾದ ಹಳ್ಳಿ. 2017ರಿಂದ ಇಲ್ಲಿನ ಮನೆ, ಗುಡಿ, ಶಾಲೆಗಳಲ್ಲಿ ಕಪಾಟು ಇಟ್ಟು ಮರಾಠಿ ಪುಸ್ತಕ ಜೋಡಿಸಿದ್ದಾರೆ. ಯಾರು ಬೇಕಾದರೂ ಒಳಗೆ ಹೋಗಿ ಕೂತು ಓದಬಹುದು. ಊರ ಸುತ್ತ ಸ್ಟ್ರಾಬೆರಿ ಹೊಲ.

ಈ ಪ್ರವಾಸದ ನಿಜವಾದ ಕೆಲಸ ಶುರುವಾಗಿದ್ದು ಇಲ್ಲಿ. ಮೋಟಾರ್‌ಹೋಮ್ ಅಂದರೆ ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗೋದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮಹಾರಾಷ್ಟ್ರ ಸರಕಾರ 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆ ಅಂತ ಒಂದು ನೀತಿ ತಂದಿದೆ, ನಿಜ. ಆದರೆ ಪ್ಲಗ್ಗು, ನೀರು, ಶೌಚಾಲಯ ಮೂರೂ ಇರುವ ಜಾಗ ನಮ್ಮ ದಾರಿಯಲ್ಲಿ ಒಂದೂ ಕಾಣಲಿಲ್ಲ. ಹಾಗಾಗಿ ದಿನಾ ಸಂಜೆ ಐದಕ್ಕೆ ಯಾರದೋ ಅಂಗಳದ ಮುಂದೆ ನಿಂತು "ಇವತ್ತೊಂದು ರಾತ್ರಿ ಗಾಡಿ ನಿಲ್ಲಿಸಲಾ?" ಅಂತ ಕೇಳಬೇಕು. ಇವರಿಗೆ ಸಂಕೋಚ. ಕೇಳಲು ಹೋದವರು ನಾನು ಮತ್ತು ಅತ್ತೆ. ವಯಸ್ಸಾದವರು ಜೊತೆಗಿದ್ದರೆ ಯಾರೂ ಇಲ್ಲ ಅನ್ನಲ್ಲ, ಇದು ಅನುಭವದ ಮಾತು.

ಹೊಲದ ಪಕ್ಕದ ಒಂದು ಮನೆಯವರು ಒಪ್ಪಿದರು. ಪಂಪ್‌ಸೆಟ್ಟಿನ ಪ್ಲಗ್ಗಿನಿಂದ ಕರೆಂಟ್ ಎಳೆದುಕೊಂಡು, ನಾನು ಅನ್ನಕ್ಕಿಟ್ಟೆ, ಇವರು ಗೀಸರ್ ಹಾಕಿದರು. ಟಪ್ ಅಂತ ಇಡೀ ಮನೆ ಕತ್ತಲು. ಒಳಗೆ ಅಜ್ಜಿಯೊಬ್ಬರು ಧಾರಾವಾಹಿ ನೋಡುತ್ತಿದ್ದರಂತೆ. ಕರೆಂಟ್ ವಾಪಸ್ ಬರುವಷ್ಟರಲ್ಲಿ ಆ ಕಂತು ಮುಗಿದಿತ್ತು. ಅತ್ತೆ ಡಬ್ಬಿಯಿಂದ ಕುಸುರೆಳ್ಳು ತೆಗೆದು ಕೊಟ್ಟು ರಾಜಿ ಮಾಡಿದರು. ಆ ಕಡೆಯಿಂದ ತಿಳ್‌ಗುಳ್ ಬಂತು. ಅಂಗಳದಲ್ಲಿ ನಿಲ್ಲಿಸುವುದಾದರೆ ಲೈಟು, ಫೋನ್ ಚಾರ್ಜು ಅಷ್ಟಕ್ಕೆ ಕರೆಂಟ್ ತಗೊಳ್ಳಿ, ಗೀಸರ್ ಮತ್ತು ಒಲೆ ಒಟ್ಟಿಗೆ ಬೇಡವೇ ಬೇಡ. ಉದ್ದದ ವೈರ್, ದೊಡ್ಡ ಪ್ಲಗ್ಗನ್ನು ಸಣ್ಣದಕ್ಕೆ ಹೊಂದಿಸುವ ಅಡಾಪ್ಟರ್, ಎರಡು ಥರದ ನಲ್ಲಿಗೆ ಕೂರುವ ಪೈಪಿನ ತುಂಡು ಮನೆಯಿಂದಲೇ ಒಯ್ಯಿರಿ. ಬಾಡಿಗೆ ಕೊಟ್ಟವರು ಎಲ್ಲಾ ಇದೆ ಅಂದಿದ್ದರು. ಪೈಪ್ ಇತ್ತು, ಕ್ಲಿಪ್ ಇರಲಿಲ್ಲ.

ಮಂಗಳವಾರ: ಒಳಗೆ ಮಳೆ, ಹೊರಗೆ ಬೆಲ್ಲ

ಬೆಳಗಿನ ಜಾವ ಅತ್ತೆಯ ದನಿ: "ಏಳ್ರಿ, ಒಳಗ ಮಳಿ ಬಂದದ." ಚಳಿಗೆ ಹೆದರಿ ಎಲ್ಲಾ ಕಿಟಕಿ ಬಿಗಿಯಾಗಿ ಮುಚ್ಚಿದ್ದೆವು. ನಾಲ್ಕು ಜನರ ಉಸಿರು, ರಾತ್ರಿಯ ಸಾರಿನ ಹಬೆ ಎಲ್ಲ ತಣ್ಣನೆ ಗಾಜಿಗೆ ಹೋಗಿ ಕೂತಿತ್ತು. ಮೇಲಿನಿಂದ ಒಂದು ಹನಿ ಹೊರಡುತ್ತೆ, ದಾರಿಯಲ್ಲಿ ಇನ್ನೊಂದನ್ನು ಸೇರಿಸಿಕೊಳ್ಳುತ್ತೆ, ದಪ್ಪಗಾಗಿ ಸರ್ರನೆ ಇಳಿದು ಕಿಟಕಿಯ ರಬ್ಬರ್ ಮೇಲೆ ನಿಲ್ಲುತ್ತೆ, ಅಲ್ಲಿಂದ ನೇರ ರಗ್ಗಿನ ಮೇಲೆ. ಮಗಳು ಯಾವ ಹನಿ ಮೊದಲು ಇಳಿಯುತ್ತೆ ಅಂತ ಪಂದ್ಯ ಕಟ್ಟುತ್ತಾ ಮಲಗಿದ್ದಳು. ಫೋನ್ ಮಾಡಿದರೆ ಬಾಡಿಗೆಯ ಹುಡುಗ, "ಮೇಲಿನ ಕಿಂಡಿ ಎರಡು ಬೆರಳಷ್ಟು ತೆಗೆದಿಡಬೇಕು ಮೇಡಂ, ಎಷ್ಟೇ ಚಳಿ ಇರಲಿ" ಅಂದ. ಹಿಂದಿನ ದಿನ ಹೇಳಿದ್ದರೆ ಚೆನ್ನಾಗಿತ್ತು.

ಹೊರಗೆ ಕೈ ಜೋಮು ಹಿಡಿಯುವ ಚಳಿ. ಮಹಾಬಳೇಶ್ವರದ ವೆಣ್ಣಾ ಕೆರೆ ಹತ್ತಿರ ಕೆಲವು ಚಳಿಗಾಲ ಇಬ್ಬನಿಯೇ ಗಡ್ಡೆ ಕಟ್ಟುತ್ತದೆ. ನಮಗೆ ಅಷ್ಟೇನೂ ಸಿಗಲಿಲ್ಲ. ಹೊಲದಲ್ಲಿ ಆಗಲೇ ಹಣ್ಣು ಬಿಡಿಸುತ್ತಿದ್ದರು. ಮನೆಯಾಕೆ ಮಗಳಿಗೆ ತೋರಿಸಿಕೊಟ್ಟರು: ಹಣ್ಣು ಹಿಡಿದು ಎಳೆಯಬಾರದು, ತೊಟ್ಟನ್ನು ಉಗುರಿನಿಂದ ಚಿವುಟಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಮೆತ್ತಗಾಗುತ್ತದೆ. ಮಹಾಬಳೇಶ್ವರದ ಸ್ಟ್ರಾಬೆರಿಗೆ 2010ರಲ್ಲೇ ಜಿಐ, ಅಂದರೆ ಆ ಊರಿನದೇ ಬೆಳೆ ಅನ್ನುವ ಗುರುತು ಸಿಕ್ಕಿದೆ. ಆದರೆ ರಸ್ತೆ ಬದಿ ಬಾಕ್ಸಿನಲ್ಲಿ ಮೇಲಿನ ಸಾಲು ದಪ್ಪ, ಕೆಳಗಿನ ಸಾಲು ಪುಟ್ಟದು ಇರುತ್ತೆ. ಹೊಲದಲ್ಲೇ ತಗೊಳ್ಳೋದು ವಾಸಿ.

ಸಾತಾರಾ ದಾಟಿದ ಮೇಲೆ ಕರಾಡ್‌ನಿಂದ ಕೊಲ್ಹಾಪುರದ ತನಕ ಕಬ್ಬೇ ಕಬ್ಬು. ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ, ಹಾಡು ಜೋರಾಗಿ ಹಾಕಿ, ರಸ್ತೆ ತಮ್ಮದೇ ಅನ್ನುವ ಹಾಗೆ ಹೋಗುತ್ತಾರೆ. ಹಿಂದೆ ಕೆಂಪು ದೀಪ ಇದ್ದರೆ ನಮ್ಮ ಪುಣ್ಯ. ಸಕ್ಕರೆ ಕಾರ್ಖಾನೆಗಳ ಹಂಗಾಮು ನಡೆಯುವ ಈ ತಿಂಗಳುಗಳಲ್ಲಿ ಈ ಕಡೆ ಕತ್ತಲಾದ ಮೇಲೆ ಗಾಡಿ ಓಡಿಸದಿರುವುದೇ ಜಾಣತನ.

ಕಾಗಲ್ ಹತ್ತಿರ ಹೊಗೆ ಕಂಡು ಒಳರಸ್ತೆಗೆ ತಿರುಗಿದೆವು. ಆಲೆಮನೆ. ಮಾಲೀಕರು ಮರಾಠಿಯಲ್ಲಿ ಶುರು ಮಾಡಿದವರು ಅತ್ತೆಯ ಮಾತು ಕೇಳಿ ಕನ್ನಡಕ್ಕೆ ಬಂದರು. ಮಗಳನ್ನು ಚಿಕ್ಕೋಡಿಗೆ ಕೊಟ್ಟಿದ್ದಾರಂತೆ. "ಬೀಗರ ಕೂಡ ಜಗಳಾಡೂದಕ್ಕಽ ಕನ್ನಡ ಕಲ್ತೇನ್ರಿ" ಅಂದರು. ಕೋಣೆಯಷ್ಟು ಅಗಲದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಬೆಂಡೆ ಗಿಡದ ಕಾಂಡ ಜಜ್ಜಿ ಅದರ ಲೋಳೆ ಹಾಕುತ್ತಾರೆ, ಕೊಳೆಯೆಲ್ಲ ಹಸಿರು ಕೆನೆಯ ಹಾಗೆ ಮೇಲೆ ಬಂದು ನಿಲ್ಲುತ್ತದೆ, ಅದನ್ನು ಜಾಲರಿಯಲ್ಲಿ ಬಳಿದು ಎಸೆಯುತ್ತಾರೆ. ಉರಿಗೆ ಅದೇ ಕಬ್ಬಿನ ಒಣ ಸಿಪ್ಪೆ. ಒಬ್ಬ ಮುದುಕ ಮಾತ್ರ ಬೇರೇನೂ ಕೆಲಸ ಮಾಡದೆ ಪಾಕ ನೋಡುತ್ತಾ ಕೂತಿದ್ದ. ಒಂದು ಹನಿಯನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉರುಟು ಮಾಡಿ, ಬಟ್ಟಲ ಅಂಚಿಗೆ ಕುಟ್ಟಿದ. ಟಣ್ ಅಂತು. ತಕ್ಷಣ ಎಲ್ಲರೂ ಎದ್ದರು.

ಆ ರಾತ್ರಿ ಅಲ್ಲೇ ಉಳಿದೆವು. ಒಲೆಯ ಕಾವು ಗಾಡಿಯವರೆಗೂ ಬರುತ್ತಿತ್ತು, ರಗ್ಗು ಬೇಕಾಗಲಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬಿಸಿ ಜೋನಿಬೆಲ್ಲ. ಅತ್ತೆ ಚಿಕ್ಕಂದಿನಲ್ಲಿ ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದ ಕಥೆ ತೆಗೆದರು. ಕೊಲ್ಲಾರಿ ಬಂಡಿಯಲ್ಲಿ ಹುಲ್ಲು, ಮೇಲೆ ಕೌದಿ, ಬುತ್ತಿ ಗಂಟು, ದಾರಿಯಲ್ಲಿ ಯಾರದೋ ಹೊಲದಲ್ಲಿ ವಸ್ತಿ. "ಇದೂ ಅದಽ ಅಲ್ಲೇನು? ಎತ್ತಿಲ್ಲ ಅಷ್ಟಽ" ಅಂದರು. ದಿನದ ಬಾಡಿಗೆ ಎಷ್ಟು ಅಂತ ಅವರಿಗೆ ನಾವು ಇನ್ನೂ ಹೇಳಿಲ್ಲ.

ಬುಧವಾರ: ಆಂಬೋಲಿಯ ಮಂಗ

ನಿಪ್ಪಾಣಿ, ಉತ್ತೂರು, ಆಜರಾ. ನಿಪ್ಪಾಣಿಯಲ್ಲಿ ಸ್ವಲ್ಪ ಹೊತ್ತು ಕರ್ನಾಟಕ, ಆಮೇಲೆ ಮತ್ತೆ ಮಹಾರಾಷ್ಟ್ರ. ಬಯಲು ಮುಗಿದು ಗುಡ್ಡ, ಗೇರು ಮರ, ಕೆಂಪು ಮಣ್ಣು ಶುರುವಾಗುವ ಈ ದಾರಿ ನನಗೆ ಘಾಟಿಗಿಂತ ಹೆಚ್ಚು ಇಷ್ಟ. ಆಜರಾದಲ್ಲಿ ಘನಸಾಳ ಅಕ್ಕಿ ತಗೊಂಡೆವು. ಪುಟ್ಟ ಕಾಳು, ಬೇಯುವಾಗ ಗಾಡಿಯೆಲ್ಲ ಘಮ.

ಆಂಬೋಲಿಗೆ ಜನ ಮಳೆಗಾಲದಲ್ಲಿ ಜಲಪಾತಕ್ಕೆ ಅಂತ ಬರುತ್ತಾರೆ. ಜನವರಿಯಲ್ಲಿ ಜಲಪಾತ ಬರೀ ಒದ್ದೆ ಬಂಡೆ. ಆದರೆ ಜನ ಇಲ್ಲ, ಗದ್ದಲ ಇಲ್ಲ. ಹಿರಣ್ಯಕೇಶಿ ಹುಟ್ಟುವ ಗುಹೆಯ ಗುಡಿಗೆ ಹೋದೆವು. ಈ ನದಿಯೂ ನಮ್ಮ ಕಡೆಗೇ ಹರಿದು ಘಟಪ್ರಭೆಗೆ ಸೇರುತ್ತದೆ. ಅತ್ತೆ ಮೆಟ್ಟಿಲು ಇಳಿಯಲಿಲ್ಲ. "ಹೋಗಿ ಬರ್ರಿ, ಆಕಿ ಹೆಂಗೂ ನಮ್ಮೂರಿಗೆ ಬರ್ತಾಳ" ಅಂತ ಗಾಡಿ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು.

ರಾತ್ರಿ ಒಂದು ಸಣ್ಣ ಊಟದ ಹೋಟೆಲಿನ ಹಿತ್ತಲಲ್ಲಿ ನಿಂತೆವು. ಹುಡುಗ ಹೇಳಿದ ಹಾಗೆ ಕಿಂಡಿ ಎರಡು ಬೆರಳು ತೆಗೆದಿಟ್ಟೆವು. ಬೆಳಿಗ್ಗೆ ಗಾಜು ಒಣಗಿತ್ತು. ಭಲೇ ಅಂದುಕೊಂಡು ಎಲ್ಲರೂ ಚಹಾಕ್ಕೆ ಹೋದೆವು. ವಾಪಸ್ ಬಂದರೆ ಗಾಡಿಯ ನೆತ್ತಿಯ ಮೇಲೆ ಒಂದು ಮಂಗ ಕೂತು ನಮ್ಮ ಬಾಳೆಹಣ್ಣು ಸುಲಿಯುತ್ತಿದೆ. ಇನ್ನೊಂದರ ಬಾಲ ಮಾತ್ರ ಕಿಂಡಿಯ ಹೊರಗೆ, ಉಳಿದದ್ದು ಒಳಗೆ. ಹೋಟೆಲಿನವನು ಹೊರಬಂದು ಒಲೆಯ ಊದುಕೊಳವೆಯಿಂದ ಗಾಡಿಗೆ ಎರಡು ಬಾರಿ ಬಡಿದ. ಹೋದವು, ಜೊತೆಗೆ ಸ್ಟ್ರಾಬೆರಿ ಬಾಕ್ಸೂ ಹೋಯಿತು. ಘನಸಾಳ ಅಕ್ಕಿ ಮುಟ್ಟಿರಲಿಲ್ಲ. ಜಾಳಿಗೆ ಮಾತ್ರ ಮಧ್ಯಕ್ಕೆ ಹರಿದು ಜೋತಾಡುತ್ತಿತ್ತು.

ಗುರುವಾರ: ಕೇರಿ

ಸಾವಂತವಾಡಿಯಲ್ಲಿ ಮೋತಿ ತಲಾವ್ ದಂಡೆಯಲ್ಲಿ ಊಟ, ಮಗಳಿಗೆ ಬಣ್ಣದ ಮರದ ಹಣ್ಣುಗಳ ಬುಟ್ಟಿ. ಬಾಂದಾ, ಪತ್ರಾದೇವಿ ದಾಟಿ ಗೋವಾ. ಘಾಟಿ ಇಳಿಯುತ್ತಿದ್ದಂತೆ ಸ್ವೆಟರ್, ಟೋಪಿ ಎಲ್ಲ ಒಂದೊಂದಾಗಿ ಮೂಲೆ ಸೇರಿದವು.

ಹೆದ್ದಾರಿ ಬಿಟ್ಟು ಪೆಡ್ಣೆಯಿಂದ ಕೇರಿ ಕಡಲಿಗೆ ತಿರುಗಿದ ಮೇಲೆ ಪೇಚಾಟ. ಗೋವಾದ ಹಳ್ಳಿ ರಸ್ತೆ ಕಾರಿಗೆ ಸರಿ. ಒಂಬತ್ತಡಿ ಎತ್ತರದ ಗಾಡಿಗೆ ಮೇಲೆ ಕೇಬಲ್ ವೈರ್, ಪಕ್ಕದಲ್ಲಿ ಕೆಂಪು ಕಲ್ಲಿನ ಗೋಡೆ, ಎಲ್ಲೆಲ್ಲೂ ತೆಂಗಿನ ಗರಿ. ಒಂದು ತಿರುವಿನಲ್ಲಿ ವೈರ್ ನಮ್ಮ ಸೋಲಾರ್ ಪ್ಯಾನೆಲ್ಲಿಗೆ ತಾಗುವಂತಿತ್ತು. ಹಿಂದೆ ಐದಾರು ಸ್ಕೂಟರ್ ಕಾಯುತ್ತಿವೆ. ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಲುಂಗಿ ಉಟ್ಟ ಒಬ್ಬರು ಮನೆಯಿಂದ ಮಾವಿನಕಾಯಿ ಕೊಯ್ಯುವ ಕೋಲು ತಂದು ವೈರ್ ಎತ್ತಿ ಹಿಡಿದು, "ಯೇ ಯೇ" ಅಂತ ಗಾಡಿ ದಾಟಿಸಿದರು. ಪುಣೆಯಲ್ಲಾಗಿದ್ದರೆ ಏನಾಗುತ್ತಿತ್ತು ಅಂತ ಹೇಳಬೇಕಿಲ್ಲ ಅಲ್ವಾ.

ಗಾಳಿಮರದ ತೋಪಿನ ಕೆಳಗೆ ಕಡಲ ಪಕ್ಕದಲ್ಲೇ ನಿಲ್ಲಿಸಿ ಅಡುಗೆ ಮಾಡಿ ಮಲಗೋಣ ಅಂತ ಇವರ ಆಸೆ. ಎಳನೀರು ಮಾರುವವನು ಬೇಡ ಅಂದ. ಗೋವಾದಲ್ಲಿ ಮರಳಿನ ಮೇಲೆ ಗಾಡಿ ಇಳಿಸುವ ಹಾಗಿಲ್ಲ. ಪ್ರವಾಸಿ ಜಾಗಗಳಲ್ಲಿ ಬಯಲಲ್ಲಿ ಅಡುಗೆ ಮಾಡಿದರೆ, ಕುಡಿದರೆ ದಂಡ ಅಂತ 2019ರಲ್ಲೇ ಕಾಯ್ದೆ ತಿದ್ದಿದ್ದಾರೆ. ಆಗಲೇ ಒಬ್ಬರಿಗೆ 2,000, ಗುಂಪಿಗೆ 10,000 ರೂಪಾಯಿ ಇಟ್ಟಿದ್ದರು. ರಸ್ತೆ ಬದಿ ಒಲೆ ಹಚ್ಚಿ, ತಟ್ಟೆ ಲೋಟ ಬಿಸಾಕಿ ಹೋಗುವ ಬಸ್ಸುಗಳನ್ನು ನೋಡಿದವರಿಗೆ ಇದರಲ್ಲಿ ತಪ್ಪೇನೂ ಕಾಣಲ್ಲ.

ಅವನೇ ಒಂದು ಹಳೇ ಮನೆ ತೋರಿಸಿದ. ಬಾಗಿಲಲ್ಲಿ ನಿಂತ ಮನೆಯಾಕೆ ನಮ್ಮನ್ನೆಲ್ಲ ಮೇಲಿಂದ ಕೆಳಗೆ ನೋಡಿ, ಕೊನೆಗೆ ಅತ್ತೆಯನ್ನು ನೋಡಿ ಗೇಟು ತೆಗೆದರು. ಒಂದೇ ಷರತ್ತು: ಗಾಡಿಯ ಟಾಯ್ಲೆಟ್ ನೀರು ತೋಟಕ್ಕೆ ಬಿಡಬಾರದು. ನಮ್ಮಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ದೊಡ್ಡ ಕೆಲಸಕ್ಕೆ ಗಾಡಿಯ ಟಾಯ್ಲೆಟ್ ಬಳಸಬಾರದು ಅಂತ ಪುಣೆ ಬಿಡುವ ಮೊದಲೇ ನಿಯಮ ಮಾಡಿದ್ದೆವು, ಯಾಕೆಂದರೆ ಆಮೇಲೆ ಆ ಡಬ್ಬಿ ಹೊತ್ತು ಹೋಗಿ ಖಾಲಿ ಮಾಡಬೇಕಾದವರು ಇವರು. ಕುಟುಂಬದೊಂದಿಗೆ ಹೋಗುವವರಿಗೆ ನನ್ನ ದೊಡ್ಡ ಸಲಹೆ ಇದೇ.

ರಾತ್ರಿ ಹರಿದ ಜಾಳಿಗೆಯಿಂದ ಸೊಳ್ಳೆಗಳ ಮೆರವಣಿಗೆ. ಕಿಂಡಿ ಮುಚ್ಚಿದರೆ ಸೆಕೆ, ತೆಗೆದರೆ ಸೊಳ್ಳೆ. ಯಾರೂ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಪೋಂ ಪೋಂ ಅಂತ ಸೈಕಲ್ ಹಾರ್ನ್. ಪೊದೇರ್, ಅಂದರೆ ಬ್ರೆಡ್ ಮಾರುವವನು. ಬುಟ್ಟಿಯ ಬಟ್ಟೆ ಸರಿಸಿದರೆ ಬಿಸಿ ಪೊಯ್ಯಿ ಬ್ರೆಡ್, ಮೇಲೆಲ್ಲ ಗೋಧಿ ತವುಡು. ಮನೆಯಾಕೆ ಕೊಟ್ಟ ಸಾರಿನಂಥ ಪಾತಳ್ ಭಾಜಿ ಜೊತೆ ತಿಂದೆವು. ಅತ್ತೆ ಶೇಂಗಾ ಚಟ್ನಿ ತುಂಬಿಸಿ ತಿಂದರು. ಅದೂ ಚೆನ್ನಾಗಿತ್ತು.

ಶುಕ್ರವಾರ: ಮಾಪ್ಸಾ ಸಂತೆ

ಮಾಪ್ಸಾದಲ್ಲಿ ಶುಕ್ರವಾರ ದೊಡ್ಡ ಸಂತೆ. ಗಾಡಿಯನ್ನು ಊರ ಹೊರಗೆ ನಿಲ್ಲಿಸಿ ರಿಕ್ಷಾದಲ್ಲಿ ಹೋದೆವು, ಒಳಗೆ ಒಯ್ಯುವ ಮಾತೇ ಇಲ್ಲ. ಮಾಲೆ ಕಟ್ಟಿದ ಚೊರಿಸೊ (ಹಂದಿ ಮಾಂಸದ ಸಾಸೇಜ್), ಒಣ ಸಿಗಡಿ, ದಪ್ಪನೆಯ ಮೊಯ್ರಾ ಬಾಳೆಹಣ್ಣು, ಮಣ್ಣಿನ ಗಡಿಗೆ. ತರಕಾರಿ ಸಾಲಿಗೆ ಬಂದರೆ ಪೂರ್ತಿ ನಮ್ಮ ಕಡೆಯ ದನಿ. ಮೆಂತ್ಯ ಮಾರುತ್ತಿದ್ದಾಕೆ ರಾಮದುರ್ಗದವಳು, ಪಕ್ಕದವಳು ಗದಗ. ಗಿರಾಕಿಗೆ ಕೊಂಕಣಿ, ತಮ್ಮತಮ್ಮಲ್ಲಿ ಕನ್ನಡ. ಮೆಂತ್ಯ ಎಲ್ಲಿಯದವ್ವಾ ಅಂದರೆ, "ಬೆಳಗಾವಿದು. ರಾತ್ರಿ ಟೆಂಪೋದಾಗ ಬರ್ತೈತಿ."

ಜಾಳಿಗೆ ಹೊಲಿಯುವವರು ಯಾರಾದರೂ ಇದ್ದಾರಾ ಅಂತ ಕೇಳಿದ್ದಕ್ಕೆ ಆಕೆ ಮೂಲೆಯಲ್ಲಿ ಕೊಡೆ ಹಾಕಿಕೊಂಡು ಕೂತ ಚಪ್ಪಲಿ ಹೊಲಿಯುವವರನ್ನು ತೋರಿಸಿದಳು. ವಿಜಯಪುರ ಕಡೆಯವರು, ಗೋವಾಕ್ಕೆ ಬಂದು ಬಹಳ ವರ್ಷವಾಯಿತಂತೆ. ಜಾಳಿಗೆಯ ಚೌಕಟ್ಟು ಬಿಚ್ಚಿ ತಂದಿದ್ದೆವು. ನೋಡಿ, ತಿರುಗಿಸಿ, "ಮಂಗ್ಯಾನ ಕೆಲಸ" ಅಂದರು. ಹೇಗೆ ಗೊತ್ತಾಯಿತು? "ಬೆಕ್ಕು ಹರದ್ರ ಗೀರು ಇರ್ತಾವು. ಇದು ಬೆರಳು ಹಾಕಿ ಜಗ್ಗಿದ್ದು." ಹಳೇ ಬ್ಯಾಗಿನ ನೈಲಾನ್ ಬಲೆ ಕತ್ತರಿಸಿ, ಮೇಣ ಹಚ್ಚಿದ ದಾರದಿಂದ ಸುತ್ತ ಎರಡು ಸಾಲು ಹೊಲಿದರು. ಅಷ್ಟು ಹೊತ್ತೂ ಅತ್ತೆ ಪಕ್ಕದ ಡಬ್ಬದ ಮೇಲೆ ಕೂತು ಆ ಕಡೆ ಮಳೆ ಹೇಗಾಯಿತು, ಜೋಳ ಬಂತಾ, ಹಸಿ ಜೋಳದ ಸೀತನಿ ತಿಂದಿರಾ ಅಂತ ಕೇಳುತ್ತಿದ್ದರು. ಅವರು ಎಂಬತ್ತು ರೂಪಾಯಿ ಅಂದರು. ಅತ್ತೆ ನೂರು ಕೊಟ್ಟು, ಉಳಿದ ಕಡಕ್ ರೊಟ್ಟಿಯ ಗಂಟನ್ನೂ ಕೊಟ್ಟುಬಿಟ್ಟರು. ನಮ್ಮ ರಾತ್ರಿಯ ಊಟ ಅದು.

ಮಧ್ಯಾಹ್ನ ರಾಯಬಂದರಿನಿಂದ ಫೆರಿ ಹಿಡಿದು ಚೋಡಣಕ್ಕೆ. ನಡೆದು ಹತ್ತಿದ ನಮಗೆ ಟಿಕೆಟ್ ಇರಲಿಲ್ಲ. ಆ ದಡದಲ್ಲೇ ಸಲೀಂ ಅಲಿ ಪಕ್ಷಿಧಾಮ. ಇಳಿತದ ಹೊತ್ತು, ಕೆಸರಲ್ಲಿ ಮೀನುಗಳು ರೆಕ್ಕೆಯೂರಿ ತೆವಳುತ್ತಿದ್ದವು. ಮಗಳಿಗೆ ಹಕ್ಕಿಗಿಂತ ಅವೇ ಮೆಚ್ಚಿಗೆ.

ರಾತ್ರಿ ಸಾಂಖಳಿ ಕಡೆ ಒಂದು ದೇವಸ್ಥಾನದ ಬಯಲಲ್ಲಿ ನಿಂತೆವು. ಗೋವಾದ ದೊಡ್ಡ ಗುಡಿಗಳಿಗೆ ಅಗ್ರಶಾಲೆ, ಅಂದರೆ ಭಕ್ತರು ಉಳಿಯುವ ಕೋಣೆಗಳು ಇರುತ್ತವೆ, ಕೇಳಿದರೆ ಸ್ನಾನದ ಮನೆ ಬಳಸಲು ಬಿಡುತ್ತಾರೆ. ಘನಸಾಳ ಅನ್ನ, ಮೆಂತ್ಯ ಪಲ್ಯ. ಕಿಂಡಿ ತೆಗೆದೇ ಮಲಗಿದೆವು. ಒಂದು ಸೊಳ್ಳೆಯೂ ಬರಲಿಲ್ಲ.

ಶನಿವಾರ, ಭಾನುವಾರ: ಚೋರ್ಲಾ ಹತ್ತಿ ಊರಿಗೆ

ಬೆಳಿಗ್ಗೆ ಬೇಗ ಚೋರ್ಲಾ ಘಾಟ್. ಎದುರಿಗೆ ತರಕಾರಿ ಟೆಂಪೋಗಳು ಇಳಿಯುತ್ತವೆ, ತಿರುವಿನಲ್ಲಿ ನಿಂತು ದಾರಿ ಬಿಡಬೇಕು. ಮೇಲೆ ಹತ್ತಿದಂತೆ ಮತ್ತೆ ಚಳಿ, ಮತ್ತೆ ಸ್ವೆಟರ್. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಗುಡಿಯ ಮುಂದೆ ಅತ್ತೆ ತಾವಾಗಿಯೇ ಗಾಡಿ ನಿಲ್ಲಿಸಲು ಹೇಳಿ ಇಳಿದರು, ಮೊಣಕಾಲಿನ ಸುದ್ದಿ ಎತ್ತಲಿಲ್ಲ. ಜಾಂಬೋಟಿ, ಬೆಳಗಾವಿ, ಅಲ್ಲಿಯ ಸಿಹಿ ಕುಂದಾ, ಆಮೇಲೆ ಧಾರವಾಡ. ಓಣಿಯವರೆಲ್ಲ ಗಾಡಿಯೊಳಗೆ ಹತ್ತಿ ಇಳಿದರು. ಎಲ್ಲರೂ ಮೊದಲು ಕೇಳಿದ್ದು ಬಚ್ಚಲು ಎಲ್ಲಿ ಅಂತ.

ಭಾನುವಾರ ಪುಣೆಗೆ ಒಂದೇ ಓಟ. ಬಾಡಿಗೆಯವರ ಶೆಡ್ಡಿನಲ್ಲಿ ಅದೇ ಹುಡುಗ ಟಾರ್ಚ್ ಹಿಡಿದು ಗಾಡಿ ಸುತ್ತಿದ. ತೆಂಗಿನ ಗರಿ ಗೀರಿದ್ದಕ್ಕೆ ಡೆಪಾಸಿಟ್ಟಿನಲ್ಲಿ ಸಾವಿರದ ಐನೂರು ಹಿಡಿದುಕೊಂಡ. ಹೊರಡುವಾಗ ವಿಡಿಯೋ ಮಾಡಿಟ್ಟುಕೊಂಡಿದ್ದರಿಂದ ಹಳೆಯ ಗೀರುಗಳ ದುಡ್ಡು ನಮ್ಮ ತಲೆಗೆ ಬರಲಿಲ್ಲ, ನೀವೂ ಮಾಡಿಟ್ಟುಕೊಳ್ಳಿ. ಆಮೇಲೆ ಒಳಗೆ ಹತ್ತಿ ಕಿಂಡಿಯ ಜಾಳಿಗೆಯನ್ನು ಬೆರಳಲ್ಲಿ ಒತ್ತಿ ನೋಡಿದ. ಇದಕ್ಕೆಷ್ಟು ಹಿಡಿಯುತ್ತಾನೋ ಅಂತ ನಾವು ಸುಮ್ಮನೆ ನಿಂತಿದ್ದೆವು.

"ಇದನ್ನ ಯಾರು ಹೊಲಿದಿದ್ದು? ನಮ್ಮ ಇನ್ನೆರಡು ಗಾಡಿದೂ ಹರಿದಿದೆ" ಅಂದ.

ಮಾಪ್ಸಾ, ಶುಕ್ರವಾರ, ತರಕಾರಿ ಸಾಲಿನ ಮೂಲೆ ಅಂತ ಇವರು ಹೇಳಿದರು. ಕನ್ನಡ ಬರಬೇಕು ಅಂತ ಮಗಳು ಸೇರಿಸಿದಳು.